ಬ್ರೋಡಿಯ ಉಂಗುರ, ವಿನ್ಸ್‌ನ ಕೈ

ಟೀವಿಯವರಿಗೆ ಬೇಕಾಗಿದ್ದದ್ದು ವಿನ್ಸ್ ಸಮ್ಮುತ್‌ನ ಕೈ ಮಾತ್ರ. ಮುಖಕ್ಕೆ ಬ್ರೋಡಿ ಇದ್ದ. ಹಳೇ ಮನೆ ರಿಪೇರಿ ಮಾಡಿಕೊಡುವ ಆ ಕಾರ್ಯಕ್ರಮದ ನಾಯಕ ಬ್ರೋಡಿ, ಕರಣೆ ಹಿಡಿದು ಒಮ್ಮೆ ಹಲ್ಲು ಕಿರಿದು ಎದ್ದರೆ ಅವನ ಕೆಲಸ ಮುಗಿಯಿತು. ಆಮೇಲೆ ಅವನ ಮದುವೆ ಉಂಗುರವನ್ನು ವಿನ್ಸ್‌ನ ಬೆರಳಿಗೆ ತುರುಕಿ, ಮೂವತ್ತು ವರ್ಷ ಸಿಮೆಂಟು ತಿಂದ ಆ ಕೈಗೆ ಬಣ್ಣ ಬಳಿದು, ಟೈಲ್ಸ್ ಕೂರಿಸುವುದನ್ನು ಹತ್ತಿರದಿಂದ ತೆಗೆಯುತ್ತಿದ್ದರು. ನೋಡುವವರ ಪಾಲಿಗೆ ಕೆಲಸವೆಲ್ಲ ಬ್ರೋಡಿಯದೇ. ಥೂ ಎನಿಸಿದರೂ ವಿನ್ಸ್ ಮೂರು ಮನೆ ಹೀಗೇ ಮುಗಿಸಿದ್ದ.

ನಾಲ್ಕನೆಯದು ನಾರ್ಲೇನ್ ಬಡಾವಣೆಯಲ್ಲಿ ಪಾಸ್ಕೊ ದಂಪತಿಯ ಮರದ ಮನೆ. ರೈಲ್ವೆ ವರ್ಕ್‌ಷಾಪಿನಲ್ಲಿ ಬೋಗಿಗಳ ಬಚ್ಚಲು ರಿಪೇರಿ ಮಾಡಿಕೊಂಡಿದ್ದ ಲೆಸ್ ಪಾಸ್ಕೊಗೆ ಸಕ್ಕರೆ ಕಾಯಿಲೆಯಲ್ಲಿ ಒಂದು ಕಾಲು ಹೋಗಿತ್ತು. ಎಂಟು ತಿಂಗಳಿಂದ ಹೆಂಡತಿ ನೋಲೀನ್ ಅವನನ್ನು ಅಡುಗೆಮನೆಯಲ್ಲಿ ಕೂರಿಸಿ ಒದ್ದೆ ಬಟ್ಟೆಯಲ್ಲಿ ಮೈ ಒರೆಸುತ್ತಿದ್ದಳು. ಗಾಲಿಕುರ್ಚಿಯಲ್ಲೇ ಷವರ್ ಕೆಳಗೆ ಹೋಗುವಂಥ ಬಚ್ಚಲು ಸಿಗಲಿ ಎಂದೇ ಅವರು ಕಾರ್ಯಕ್ರಮಕ್ಕೆ ಬರೆದದ್ದು.

ಮರದ ನೆಲಕ್ಕೆ ನೀರು ಇಳಿಯದಂತೆ ವಿನ್ಸ್ ಹಸಿರು ವಾಟರ್‌ಪ್ರೂಫಿಂಗ್ ಬಳಿದಿದ್ದ. ಆ ದೇಶದಲ್ಲಿ ಜುಲೈ ಎಂದರೆ ಕೊರೆಯುವ ಚಳಿಗಾಲ, ಅದು ಒಣಗಲೊಲ್ಲದು. ಒಣಗಿದ ಮೇಲೆ ನೀರು ಹೋಗುವ ಜಾಲರಿ ಮುಚ್ಚಿ, ಒಂದು ದಿನ ನೀರು ಕಟ್ಟಿ ನೋಡಿಯೇ ಅವನು ಟೈಲ್ಸ್ ಮುಟ್ಟುವುದು. ಅಪ್ಪ ಕಲಿಸಿದ ರೂಢಿ ಅದು, ಒಮ್ಮೆಯೂ ತಪ್ಪಿಸಿದವನಲ್ಲ.

"ಇವತ್ತೇ ಹಾಕ್ಬಿಡು ವಿನ್ಸ್," ಅಂದಳು ನಿರ್ದೇಶಕಿ ಟ್ಯಾಮ್ಸಿನ್. "ನಾಳೆ ಹತ್ತಕ್ಕೆ ಅವ್ರು ಬಂದು ನೋಡ್ಬೇಕು, ಅಳ್ಬೇಕು."

ವಿನ್ಸ್ ಹೆಬ್ಬೆರಳು ಒತ್ತಿ ತೋರಿಸಿದ. ಗುರುತು ಬಿತ್ತು. "ಇನ್ನೂ ಹಸಿ ನೋಡಮ್ಮ. ಎರಡು ದಿನ ಬೇಕು."

"ಕೆಳಗಿರೋದು ಯಾರಿಗೆ ಕಾಣುತ್ತೆ?"

"ಕಾಣ್ಲಿ ಅಂತಲ್ಲ ಇದನ್ನ ಬಳಿಯೋದು."

ಟ್ಯಾಮ್ಸಿನ್ ಮೇಕಪ್ ಹುಡುಗಿಯ ಹೇರ್ ಡ್ರೈಯರ್ ತರಿಸಿ ನೆಲಕ್ಕೆ ಹಿಡಿಸಿದಳು. ಕೂದಲು ಒಣಗಿಸುವ ಯಂತ್ರದಲ್ಲಿ ಬಚ್ಚಲು! ಮೇಲೆ ಪೊರೆ ಕಟ್ಟಿತು, ಒಳಗೆ ಹಸಿ ಹಸಿಯಾಗೇ ಉಳಿಯಿತು.

"ಒಣಗ್ತಲ್ಲ, ತಲೆ ತಿನ್ಬೇಡ ಗುರು," ಅಂದ ಬ್ರೋಡಿ. "ಏನಾದ್ರೂ ಆದ್ರೆ ಆಮೇಲೆ ಬಂದು ಸರಿ ಮಾಡಿದ್ರಾಯ್ತು."

ಹಾಕಿದ ಟೈಲ್ಸ್ ಕಿತ್ತು ಸರಿಮಾಡಲು ಯಾರೂ ಬರುವುದಿಲ್ಲವೆಂದು ವಿನ್ಸ್‌ಗೆ ಗೊತ್ತಿತ್ತು. ನೀರು ಒಳಗೊಳಗೇ ಇಳಿದು, ಎರಡು ವರ್ಷದಲ್ಲಿ ನೆಲ ಕೊಳೆತು, ಲೆಸ್‌ನ ಕುರ್ಚಿ ಒಂದು ದಿನ ಕುಸಿಯುತ್ತದೆಂದೂ ಗೊತ್ತಿತ್ತು. ಆದರೂ ಹನ್ನೆರಡು ಜನ ಕೈಕಟ್ಟಿ ಗಡಿಯಾರ ನೋಡುತ್ತ ನಿಂತಾಗ ಅವನು ಕರಣೆ ಎತ್ತಿಕೊಂಡ. ಉಂಗುರ ಹಾಕಿಕೊಂಡು ಮಂಡಿಯೂರಿದ. ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಮರುದಿನ ನೋಲೀನ್ ಬಚ್ಚಲು ನೋಡಿದ್ದೇ ತಡ, ಬಿಕ್ಕಿ ಬಿಕ್ಕಿ ಅತ್ತಳು. ಅದೇ ಹೊತ್ತಿಗೆ ಮೇಲೆ ವಿಮಾನ ಹಾದು ಸದ್ದು ಕೆಟ್ಟಿತು. ಇನ್ನೊಮ್ಮೆ ಅಳಿಸಿದರು. ಮೂರನೇ ಸಲ ಕಣ್ಣೀರು ಬರಲಿಲ್ಲ.

"ಒಂಚೂರು ದುಃಖ ಬೇಕಿತ್ತು, ನೋಲೀನ್ ಡಿಯರ್," ಎಂದು ಟ್ಯಾಮ್ಸಿನ್ ಅವಳ ಕಣ್ಣ ಕೆಳಗೆ ಕಣ್ಣೀರು ಬರಿಸುವ ಪುದೀನ ಸತ್ವದ ಕಡ್ಡಿ ಸವರಿದಳು. ನೋಲೀನ್ ಕಣ್ಣು ಉರಿದು ನೀರು ಸುರಿಸುತ್ತ ಬ್ರೋಡಿಯ ಕೈಗೆ ಮುತ್ತಿಟ್ಟಳು. ವಿನ್ಸ್ ಬಾಗಿಲ ಬಳಿ ನಿಂತಿದ್ದ.

ಲೆಸ್ ಮಾತ್ರ ಬ್ರೋಡಿಯನ್ನು ನೋಡುತ್ತಿರಲಿಲ್ಲ. ವಿನ್ಸ್‌ನ ಉಗುರಿನ ಹಸಿರನ್ನು ನೋಡುತ್ತಿದ್ದ.

"ನೀನೇನಪ್ಪ ಹಾಕಿದ್ದು?"

"ಹೂಂ."

"ನೀರು ಕಟ್ಟಿ ನೋಡಿದ್ಯಾ?"

"ಇಲ್ಲ."

"ಹಂಗಾದ್ರೆ ನಾಳೆ ನಾನು ಸ್ನಾನ ಮಾಡ್ಬಹುದಾ, ಬೇಡ್ವಾ? ಅಷ್ಟು ಹೇಳು ಸಾಕು."

ವಿನ್ಸ್ ಹೊರಗೆ ಹೋಗಿ ಗಾಡಿಯಿಂದ ಸುತ್ತಿಗೆ, ಉಳಿ ತಂದ. ಯಾರನ್ನೂ ಕೇಳದೆ ಜಾಲರಿ ಪಕ್ಕದ ಟೈಲ್ ಎಬ್ಬಿಸಿದ. ಅದರ ಬೆನ್ನಿಗಂಟಿ ಹಸಿರು ಲೇಪ ಹಾಲಿನ ಕೆನೆಯ ಹಾಗೆ ಎದ್ದುಬಂತು. ಕೆಳಗೆ ಬರೀ ಲೊಳೆ.

ನೋಲೀನ್ ಸದ್ದಿಲ್ಲದೆ ಅಳತೊಡಗಿದಳು. ಈ ಸಲ ಕಡ್ಡಿ ಬೇಕಾಗಲಿಲ್ಲ.

"ಕ್ಯಾಮೆರಾ ಓಡಿಸ್ರೋ!" ಟ್ಯಾಮ್ಸಿನ್ ಕುಣಿದಾಡಿದಳು. "ಇದೇ ಬೇಕಾಗಿತ್ತು ನಂಗೆ! ವಿನ್ಸ್, ಇನ್ನೊಂದು ಎಬ್ಬಿಸು. ತಪ್ಪು ಕಂಡುಹಿಡಿದಿದ್ದು ಬ್ರೋಡಿ ಅಂತ ತೋರಿಸೋಣ. ಉಂಗುರ ಕೊಡ್ರೋ ಇವನಿಗೆ!"

ಬ್ರೋಡಿ ಉಂಗುರ ಬಿಚ್ಚಿ ಚಾಚಿದ. ಚಾಚಿದ ಅಂಗೈಗೆ ವಿನ್ಸ್ ಸುತ್ತಿಗೆಯನ್ನು ಒತ್ತಿದ.

"ಉಂಗುರ ನಿಂದು, ಕೈಯೂ ನಿಂದೇ ಇರ್ಲಿ. ಇನ್ನೂ ಅರವತ್ತಿವೆ, ಕೀಳು."

ಬ್ರೋಡಿ ಮಂಡಿಯೂರಲು ಗಲೀಜಿಲ್ಲದ ಜಾಗ ಹುಡುಕುತ್ತ ನಿಂತ.

"ಹತ್ತು ದಿನ ಬೇಕು ಲೆಸ್," ಅಂದ ವಿನ್ಸ್, ತಲೆ ಎತ್ತಲಾರದೆ. "ನಾನೇ ಬಂದು ಮಾಡ್ಕೊಡ್ತೀನಿ. ಒಬ್ಬನೇ."

"ಎಂಟು ತಿಂಗಳು ಕಾದಿದೀನಿ ಮಾರಾಯ. ಮೊದ್ಲು ಇವ್ರನ್ನ ಆಚೆ ಹಾಕು."

ನೋಲೀನ್ ಕಣ್ಣೊರೆಸಿಕೊಂಡು ಅಡುಗೆಮನೆಗೆ ಹೋದಳು. ಒಲೆಯ ಮೇಲೆ ನೀರಿಟ್ಟು, ಮೂಲೆಯಲ್ಲಿ ಎಸೆದಿದ್ದ ಹಳೇ ಬಟ್ಟೆಯನ್ನು ಮತ್ತೆ ಎತ್ತಿಕೊಂಡಳು. ಕ್ಯಾಮೆರಾ ಅವಳ ಹಿಂದೆ ಹೋಗಲಿಲ್ಲ.