ಯಾರ ಮಷೀನು?

"ಕೇಳಿದ್ದಕ್ಕಷ್ಟೇ ಉತ್ತರ ಕೊಡಿ ಅಮ್ಮ. ಎಲ್ಲಾ ಒಬ್ಬರದ್ದೇ ಸಾಮಾನು, ಗೊತ್ತಾಯ್ತಾ? ಇಂಗ್ಲಿಷಲ್ಲಿ 'ಮೈ' ಅನ್ನಿ. 'ಅವರ್' ಅನ್ಬೇಡಿ," ಎಂದು ಟೂರಿನ ಗೈಡು ಮತ್ತೊಮ್ಮೆ ಹೇಳಿಕೊಟ್ಟ.

"ಅವರ್ಯಾಕೆ ಬರ್ತಾರಪ್ಪ ಇಲ್ಲಿಗೆ? ಅವರು ಊರಲ್ಲಿ ಅಂಗಡಿ ನೋಡ್ಕೋತಿದಾರೆ," ಎಂದಳು ದೊಡ್ಡ ಸೊಸೆ.

ವಿಮಾನ ನಿಲ್ದಾಣದ ಸಾಲಿನಲ್ಲಿದ್ದ ಟೂರಿನವರೆಲ್ಲ ನಕ್ಕರು. ಚಿಕ್ಕ ಸೊಸೆ ನಗಲಿಲ್ಲ. ಅವಳ ಕೈ ಟ್ರಾಲಿಯಲ್ಲಿದ್ದ ರಟ್ಟಿನ ಪೆಟ್ಟಿಗೆಯ ಮೇಲೇ ಇತ್ತು.

ಪೆಟ್ಟಿಗೆಯೊಳಗಿದ್ದದ್ದು ಹೊಲಿಗೆ ಮಷೀನು. ಕಸೂತಿಯನ್ನೂ ಹಾಕುವಂಥದು. ಅಕ್ಕಪಕ್ಕದವರ ಬಟ್ಟೆ ಹೊಲಿದು ಕೂಡಿಟ್ಟ ಹಣದಲ್ಲಿ ಅವಳು ಕೊಂಡ ಮೊದಲ ದೊಡ್ಡ ವಸ್ತು. ಮನೆಯ ಮುಂದಿನ ಕೋಣೆಯಲ್ಲಿ ಅದನ್ನಿಟ್ಟು ಬಾಗಿಲಿಗೊಂದು ಬೋರ್ಡು ಹಾಕುವುದು ಅವಳ ಆಸೆ. ಪರದೇಶದವರು ಸಾಮಾನು ಕೊಂಡು ಹೊರಗೆ ಒಯ್ಯುವುದಾದರೆ ಇಲ್ಲಿನ ಸರ್ಕಾರ ತೆರಿಗೆಯನ್ನು ವಾಪಸು ಕೊಡುತ್ತದೆಂದು ಗೈಡು ಹೇಳಿದಾಗ, ಮಷೀನಿಡುವ ಮೇಜಿನ ಖರ್ಚು ಹುಟ್ಟಿತು ಎಂದುಕೊಂಡಿದ್ದಳು. ಆದರೆ ಅಷ್ಟು ಸಣ್ಣ ಬಿಲ್ಲಿಗೆ ವಾಪಸಿಲ್ಲ ಎಂದ ಅಂಗಡಿಯವನು. ದೊಡ್ಡ ಸೊಸೆ ಅಲ್ಲೇ ಆರಿಸಿದ್ದ ಉಣ್ಣೆಯ ಕೋಟನ್ನೂ ಅದೇ ಬಿಲ್ಲಿಗೆ ಸೇರಿಸಿದರೆ ಆಗುತ್ತಿತ್ತು. ಆದರೆ ಬಿಲ್ಲು ಒಬ್ಬರ ಹೆಸರಲ್ಲೇ ಇರಬೇಕು.

"ಯಾರ ಹೆಸರಾದ್ರೇನು, ಹೋಗೋದು ಒಂದೇ ಮನೆಗಲ್ವಾ?" ಎಂದು ದೊಡ್ಡ ಸೊಸೆ ತನ್ನ ಪಾಸ್‌ಪೋರ್ಟು ಚಾಚಿದ್ದಳು. ಕಾರ್ಡೂ ಅವಳದೇ. ಚಿಕ್ಕ ಸೊಸೆ ನೋಟುಗಳನ್ನು ಅವಳ ಕೈಗೆ ಕೊಟ್ಟಳು. ಅಲ್ಲಿಗೆ, ಕಾಗದದ ಲೆಕ್ಕದಲ್ಲಿ ಮಷೀನು ದೊಡ್ಡ ಸೊಸೆಯದಾಯಿತು.

ಅತ್ತೆ ತೀರಿಕೊಂಡಾಗಲೂ ಈ ಓರಗಿತ್ತಿ ಅಕ್ಕ ಹೀಗೇ ಅಂದಿದ್ದಳು. "ಬಳೆ ಯಾರ ಹತ್ರ ಇದ್ರೇನು, ಇರೋದು ಮನೇಲಿ ತಾನೆ?" ಬಳೆಗಳು ದೊಡ್ಡ ಸೊಸೆಯ ಬೀರು ಸೇರಿದವು. ಅಲ್ಲಿಂದಾಚೆಗೆ ಅವುಗಳ ಮುಖವನ್ನು ಬೀರುವಿನ ಬೀಗದ ಕೈ ನೋಡಿದ್ದರೆ ನೋಡಿರಬೇಕು. ಆ ಬೀಗದ ಕೈ ಪರದೇಶಕ್ಕೂ ಬಂದಿತ್ತು. ಅದಿರುವ ಕಂದು ಬ್ಯಾಗನ್ನು ಅವಳು ಹೋಟೆಲಿನಲ್ಲಿ ದಿಂಬಿನಡಿ ಇಟ್ಟು ಮಲಗುತ್ತಿದ್ದಳು. ಒಂದೇ ಕೋಣೆಯಲ್ಲಿ ಇನ್ನೊಬ್ಬಳು ಮಲಗಿದ್ದಾಳೆ, ಅವಳಿಗೆ ಏನನ್ನಿಸೀತು ಎಂಬ ಸಂಕೋಚವೂ ಇಲ್ಲದೆ.

ನಿನ್ನೆಯಂತೂ ಗಂಡನಿಗೆ ಫೋನು ಮಾಡಿ, "ನಮ್ಮ ಮಷೀನು ಬರ್ತಾ ಇದೆ, ಜಾಗ ಮಾಡಿಸಿಡಿ," ಅನ್ನುತ್ತಿದ್ದಳು. ನಮ್ಮ ಮಷೀನು!

ತೆರಿಗೆ ವಾಪಸಿನ ಕೌಂಟರಿನಲ್ಲಿ ಅವರ ಸರದಿ ಬಂತು. ಗೈಡು ಹಳದಿ ಗೆರೆಯಾಚೆಗೇ ನಿಂತ. ಕನ್ನಡಕದ ಅಧಿಕಾರಿಣಿ ಪೆಟ್ಟಿಗೆಯ ಮುಚ್ಚಳ ತೆಗೆಸಿ ಮಷೀನು ನೋಡಿದಳು, ಕೋಟಿನ ಚೀಟಿ ತಿರುವಿ ನೋಡಿದಳು. ಮಷೀನು ಯಾರದು ಎಂದು ಇಂಗ್ಲಿಷಿನಲ್ಲಿ ನಿಧಾನವಾಗಿ ಕೇಳಿದಳು.

"ಅವರ್ ಮಷೀನ್," ಎಂದಳು ದೊಡ್ಡ ಸೊಸೆ, ಪಾಠ ಒಪ್ಪಿಸುವ ಉತ್ಸಾಹದಲ್ಲಿ.

ಮತ್ತೆ ಕೋಟು?

"ಅವರ್ ಕೋಟ್."

ದುಡ್ಡು ಯಾರು ಕೊಟ್ಟದ್ದು?

"ಅವರ್ ಹಸ್ಬೆಂಡ್."

ಅಧಿಕಾರಿಣಿಯ ಕೈಯಲ್ಲಿ ಮುದ್ರೆ ಹಾಗೇ ನಿಂತಿತು. ಅವಳು ದೊಡ್ಡ ಸೊಸೆಯನ್ನು ನೋಡಿದಳು, ಚಿಕ್ಕ ಸೊಸೆಯನ್ನು ನೋಡಿದಳು. ಗೆರೆಯಾಚೆ ಗೈಡು ಹಣೆ ಚಚ್ಚಿಕೊಂಡ.

"ಏನಂತೆ ಕಣೇ?" ಎಂದಳು ದೊಡ್ಡ ಸೊಸೆ.

"ನಿಮ್ಮ ಗಂಡ ನಮ್ಮಿಬ್ಬರಿಗೂ ಗಂಡನಾ ಅಂತ ಯೋಚನೆ ಮಾಡ್ತಿರಬೇಕು."

"ಅಯ್ಯೋ, ಅವಳ ಬಾಯಿಗೆ ಮಣ್ಣು ಹಾಕ! ನಮ್ಮೆಜಮಾನ್ರು ಅನ್ನದೆ ಇನ್ನೇನನ್ಲಿ? ನನ್ನೆಜಮಾನ್ರು ಅಂತಾರಾ ಯಾರಾದ್ರೂ?"

ಅಧಿಕಾರಿಣಿ ನಗಲಿಲ್ಲ. ಇಬ್ಬರ ಸಾಮಾನನ್ನು ಒಬ್ಬರ ಬಿಲ್ಲಿಗೆ ಸೇರಿಸಿದ್ದರೆ ಹಣ ಸಿಗುವುದಿಲ್ಲ ಎಂದಳು. ಆಮೇಲೆ ಚಿಕ್ಕ ಸೊಸೆಯತ್ತ ತಿರುಗಿ, ಬೆರಳಿನಿಂದ ಪೆಟ್ಟಿಗೆ ತಟ್ಟಿ ಕೇಳಿದಳು: ಇದು ನಿನ್ನದೋ, ಅವಳದೋ?

"ಯಾರದು ಅಂತ ಕೇಳ್ತಿದಾರಕ್ಕ."

"ಹೇಳಿದ್ನಲ್ಲೇ, ನಮ್ದು ಅಂತ! ಇವಳಿಗೇನು ಕಿವುಡಾ?"

ಚಿಕ್ಕ ಸೊಸೆ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ನನ್ನದು ಅಂದರೆ ನಿಜ. ಹಣ ಹೋದರೂ, ಸರ್ಕಾರದ ಮುಂದೆ ಅಂದ ಮಾತು ಉಳಿಯುತ್ತದೆ. ಅವಳದು ಅಂದರೆ ಹಣ ಬರುತ್ತದೆ, ಅದೂ ಅಕ್ಕನ ಕಾರ್ಡಿಗೆ. ನಾಳೆ ಮಾತು ಬಂದರೆ, 'ನೀನೇ ಅಲ್ವೇನೇ ಅಂದಿದ್ದು?' ಎನ್ನುವುದಕ್ಕೆ ಇಡೀ ಸಾಲು ಸಾಕ್ಷಿ. ಪಕ್ಕಕ್ಕೆ ನೋಡಿದಳು. ದೊಡ್ಡ ಸೊಸೆ ಬ್ಯಾಗನ್ನು ಎದೆಗವಚಿಕೊಂಡು, ಪರೀಕ್ಷೆಯಲ್ಲಿ ಎಲ್ಲಿ ತಪ್ಪಿತೆಂದು ತಿಳಿಯದ ಹುಡುಗಿಯ ಹಾಗೆ ಬೆವರುತ್ತಿದ್ದಳು.

"ಹರ್ಸ್," ಎಂದಳು ಚಿಕ್ಕ ಸೊಸೆ. ಪೆಟ್ಟಿಗೆಯ ಮೇಲಿಂದ ಕೈ ತೆಗೆದಳು. "ಆಲ್ ಹರ್ಸ್."

ಅಧಿಕಾರಿಣಿ ಅವಳ ಮುಖವನ್ನು ಒಂದು ಗಳಿಗೆ ಹೆಚ್ಚೇ ನೋಡಿ, ಮುದ್ರೆ ಒತ್ತಿದಳು.

ವಿಮಾನಕ್ಕೆ ಕಾಯುವ ಕುರ್ಚಿಗಳಲ್ಲಿ ಇಬ್ಬರೂ ಕೂತರು. ಪೆಟ್ಟಿಗೆ ಕಾಲ ಹತ್ತಿರ.

"ಕೊನೇಗೆ ಏನಂದೆ ಅವಳಿಗೆ?"

"ಎಲ್ಲಾ ನಿಮ್ದೇ ಅಂದೆ."

"ಚೆನ್ನಾಗಂದೆ! ಸೂಜಿಗೆ ದಾರ ಪೋಣಿಸೋಕೆ ಕಣ್ಣು ಕಾಣಲ್ಲ, ನಂಗ್ಯಾಕೆ ಮಷೀನು?" ದೊಡ್ಡ ಸೊಸೆ ನಕ್ಕಳು. ಸ್ವಲ್ಪ ಹೊತ್ತು ಬಿಟ್ಟು, "ನಮ್ಮ ಹುಡುಗಿ ಬೇಕಾದ್ರೆ ಕಲೀತಾಳೆ," ಎಂದಳು.

ಚಿಕ್ಕ ಸೊಸೆ ಪೆಟ್ಟಿಗೆಯನ್ನು ಕಾಲಿನಿಂದ ತನ್ನ ಕಡೆಗೆ ಎಳೆದುಕೊಂಡಳು. ಯಾರ ಹುಡುಗಿ ಎಂದು ಕೇಳಲಿಲ್ಲ. ಹುಡುಗಿ ಅಕ್ಕನ ಮಗಳು. ಆದರೆ ಶಾಲೆಯಿಂದ ಬಂದವಳು ತಟ್ಟೆ ಹಿಡಿದು ಕೂರುತ್ತಿದ್ದುದು ಚಿಕ್ಕಮ್ಮನ ಮುಂದೆ.

"ಇದನ್ನ ಹಿಡ್ಕೊಂಡಿರೇ, ಮುಖ ತೊಳ್ಕೊಂಡು ಬರ್ತೀನಿ. ಆ ಕನ್ನಡಕದವಳು ಬೆವರಿಳಿಸಿಬಿಟ್ಲು."

ಕಂದು ಬ್ಯಾಗು ಚಿಕ್ಕ ಸೊಸೆಯ ಮಡಿಲಿಗೆ ಬಿತ್ತು. ದೊಡ್ಡ ಸೊಸೆ ಸೊಂಟ ಹಿಡಿದುಕೊಂಡು ಎದ್ದು, ಜನರ ನಡುವೆ ದಾರಿ ಮಾಡಿಕೊಂಡು ಹೋದಳು. ತಿರುಗಿ ನೋಡಲಿಲ್ಲ.

ಬ್ಯಾಗಿನ ಜಿಪ್ಪು ಅರ್ಧ ತೆರೆದಿತ್ತು. ಒಳಗೆ ಪಾಸ್‌ಪೋರ್ಟಿನ ಅಂಚು, ಕಾರ್ಡು, ಕರವಸ್ತ್ರದ ಮೇಲೆ ಬೀಗದ ಕೈಗಳ ಗೊಂಚಲು. ಚಿಕ್ಕ ಸೊಸೆಯ ಬೆರಳು ಬೀರುವಿನ ಉದ್ದನೆಯ ಬೀಗದ ಕೈಯನ್ನು ಮುಟ್ಟಿತು. ಅದು ತಣ್ಣಗಿತ್ತು. ಮುಖ ತೊಳೆಯುವ ಕೋಣೆಯ ಬಾಗಿಲತ್ತ ಕಣ್ಣಿಟ್ಟುಕೊಂಡೇ, ಕರವಸ್ತ್ರದ ತುದಿ ಸಿಕ್ಕಿಕೊಳ್ಳದ ಹಾಗೆ ಒಳಗೆ ತಳ್ಳಿ, ಅವಳು ಜಿಪ್ಪನ್ನು ನಿಧಾನವಾಗಿ ಕೊನೆಯವರೆಗೂ ಎಳೆದು ಮುಚ್ಚಿದಳು.