ಇನ್ಸೂರು ಎಂಬ ಊರು

ಆ ದಿನ ಬೆಳಿಗ್ಗೆ ಶಿರಾದ ಮೇಲೆ ಮಂಜು ಹೇಗೆ ಕವಿದಿತ್ತೆಂದರೆ, ಜಾಮಿಯಾ ಮಸೀದಿಯ ಮಿನಾರುಗಳು ಅರ್ಧಕ್ಕೇ ನಿಂತುಬಿಟ್ಟಿದ್ದವು. ಮೇಲಿನರ್ಧವನ್ನು ಯಾರೋ ಕೊಂಡೊಯ್ದು ಇನ್ನೂ ತಂದಿಟ್ಟಿಲ್ಲವೇನೋ ಎನ್ನುವ ಹಾಗೆ. ಮಾರ್ಗಶಿರದ ಚಳಿ. ಕಡಲೆಕಾಯಿ ಸುಗ್ಗಿ ಮುಗಿದು ಮಂಡಿಗಳು ತಣ್ಣಗಾಗಿದ್ದವು. ಮಂಡಿ ರುದ್ರಯ್ಯ ತಲೆಗೆ ಮಫ್ಲರ್ ಸುತ್ತಿಕೊಂಡು, ಕೊರಳಿನ ಇಷ್ಟಲಿಂಗದ ಕರಡಿಗೆಯನ್ನೊಮ್ಮೆ ಕಣ್ಣಿಗೊತ್ತಿಕೊಂಡು, ಯಾತ್ರೆಯ ಬಸ್ಸಿನ ಬಾಗಿಲಲ್ಲಿ ನಿಂತ.

ವರ್ಷಕ್ಕೊಮ್ಮೆ ಸುತ್ತಲ ತಾಲ್ಲೂಕುಗಳ ಜನರನ್ನು ಬಸ್ಸಿಗೆ ತುಂಬಿ ದೇವರ ದರ್ಶನ ಮಾಡಿಸಿ ತರುವುದು ಅವನ ಪದ್ಧತಿ. ಪುಣ್ಯದ ಮಾತನ್ನು ಗಟ್ಟಿಯಾಗಿ ಆಡುತ್ತಿದ್ದ, ಲಾಭದ ಮಾತನ್ನು ಮೆಲ್ಲಗೆ. ಎಪ್ಪತ್ತೊಂಬತ್ತನೇ ಇಸವಿಯ ಆ ಯಾತ್ರೆಗೆ ಹೊಸದೊಂದನ್ನು ಸೇರಿಸಿದ್ದ. ಬೆಂಗಳೂರಿನ ಟೂರಿನವನೊಬ್ಬ ಹೇಳಿಕೊಟ್ಟ ಇನ್ಶೂರೆನ್ಸ್. ತಲೆಗೆ ಮೂರು ರೂಪಾಯಿ ಹೆಚ್ಚು ಕಟ್ಟಿದರೆ ಸರಿ. ಹೇಳಿದ ಜಾಗ ತಪ್ಪಿದರೆ, ಹೇಳಿದ ದೋಣಿ ಹೊರಡದಿದ್ದರೆ, ನಷ್ಟವನ್ನು ರುದ್ರಯ್ಯ ತುಂಬಿಕೊಡುತ್ತಾನೆ. ಅಚ್ಚಿನ ಮನೆಯವನು ಮಾತ್ರ ಯಾತ್ರೆಯ ಕರಪತ್ರದಲ್ಲಿ ಜಾಗ ಸಾಲದೆ ಅದನ್ನೂ ಊರುಗಳ ಸಾಲಿಗೇ ತಂದು ಜೋಡಿಸಿದ್ದ: ಮಧುರೆ, ರಾಮೇಶ್ವರ, ಕನ್ಯಾಕುಮಾರಿ ದೋಣಿ ಸಹಿತ, ತಿರುವನಂತಪುರ, ಇನ್ಸೂರು.

ತೋವಿನಕೆರೆ ಕಡೆಯ ಕುರಿ ಸಾಕುವ ಮನೆತನದ ಕೆಂಪಕ್ಕ ಗಂಟು ಹಿಡಿದು ಬಸ್ಸು ಹತ್ತುತ್ತಲೇ ಕೇಳಿದಳು.

"ಅಯ್ನೋರೇ, ಈ ಇನ್ಸೂರು ಎಷ್ಟು ದೂರ ಆಯ್ತದೆ?"

ರುದ್ರಯ್ಯ ಯಾರದೋ ಟ್ರಂಕನ್ನು ಸೀಟಿನಡಿಗೆ ತಳ್ಳುವ ಗಡಿಬಿಡಿಯಲ್ಲಿದ್ದ. "ದೂರ ಏನಿಲ್ಲ ಕಣಕ್ಕ, ನಮ್ ಜೊತೆಗೇ ಇರ್ತದೆ" ಎಂದ.

ಹಿಂದಿನ ಸೀಟಿನಲ್ಲಿ ತೆಲುಗು ಗಡಿಯ ಕ್ಯಾತಗಾನಚೆರ್ಲಿನ ಓಬಳಪ್ಪ ಕೂತಿದ್ದ. ನಗಿಸದಿದ್ದರೆ ಅವನಿಗೆ ಊಟ ಇಳಿಯುತ್ತಿರಲಿಲ್ಲ. "ಏಮಕ್ಕಾ, ಅದು ದೊಡ್ಡ ಕ್ಷೇತ್ರ. ಬೇರೆ ಊರಾಗೆ ತಪ್ಪಿದ್ದೆಲ್ಲಾ ಇನ್ಸೂರಾಗೆ ಸಿಕ್ತದಂತೆ!" ಎಂದ. ಬಸ್ಸು ನಕ್ಕಿತು. ಕೆಂಪಕ್ಕ ಮಾತ್ರ ಕೈ ಮುಗಿದಳು.

ದಾರಿಯಲ್ಲಿ ಅವಳ ಗಂಟಿನ ಸಂಗತಿ ಎಲ್ಲರಿಗೂ ತಿಳಿಯಿತು. ಅದರಲ್ಲಿದ್ದದ್ದು ಮೊಣಕೈ ಉದ್ದದ ಕರಿ ಕಂಬಳಿ. ಅವಳ ಅಕ್ಕ ಕ್ಯಾತಮ್ಮನ ಕಾಲಿಗೆ ಜಾಲಿಮುಳ್ಳು ನೆಟ್ಟು ಕೀವಾಗಿ, ಕಾಲು ತೆಗೆಯಬೇಕಾದೀತು ಎನ್ನುವವರೆಗೆ ಹೋಗಿತ್ತು. ಕನ್ಯಾಕುಮಾರಿಯ ತಾಯಿ ಸಮುದ್ರದ ಬಂಡೆಯ ಮೇಲೆ ಒಂಟಿಕಾಲಲ್ಲಿ ತಪಸ್ಸಿಗೆ ನಿಂತಿದ್ದಳೆಂದೂ ಆ ಪಾದದ ಗುರುತು ಇನ್ನೂ ಇದೆಯೆಂದೂ ಹರಿಕಥೆಯವರು ಹೇಳಿದ್ದನ್ನು ಕ್ಯಾತಮ್ಮ ನೆನೆದಳು. ಕಾಲು ಉಳಿದರೆ ಆ ಪಾದಕ್ಕೆ ಕಂಬಳಿ ಹೊದಿಸುತ್ತೇನೆಂದು ಹರಕೆ ಹೊತ್ತಳು. ಕಾಲು ಉಳಿಯಿತು.

"ಉಳೀತು, ಆದ್ರೆ ಊರ್ತಾ ಇಲ್ಲ ಕಣಯ್ಯ" ಎಂದಳು ಕೆಂಪಕ್ಕ. "ಕಂಬ್ಳಿ ಒಪ್ಸೋಗಂಟ ಈ ಕಾಲು ನಂದಲ್ಲ, ತಾಯೀದು, ಅದ್ನ ಮಣ್ಣಿಗೆ ಹೆಂಗಿಡ್ಲಿ ಅಂತಾಳೆ. ಡಾಕ್ಟ್ರು ನಡಿ ಅಂದ್ರೂ ನಡ್ಯಾಕಿಲ್ಲ. ಗ್ವಾಡೆ ಹಿಡ್ಕಂಡು ಕುಂಟ್ತಾ ಅವಳೆ. ನಾ ವಾಪಸ್ ಹೋಗೋದೇ ಕಾಯ್ತಾ ಕುಂತವಳೆ."

ಕನ್ಯಾಕುಮಾರಿಯಲ್ಲಿ ಬಸ್ಸಿಳಿದಾಗ ಗಾಳಿ ಸೀರೆ ಪಂಚೆಗಳನ್ನು ಮೈಮೇಲೆ ನಿಲ್ಲಗೊಡುತ್ತಿರಲಿಲ್ಲ. ದೋಣಿಗಳನ್ನು ಕಟ್ಟಿಹಾಕಿದ್ದರು. ಅಲೆ ಬಂಡೆಗೆ ಬಡಿದು ಮನೆಯೆತ್ತರ ಏಳುತ್ತಿತ್ತು. ವಿಚಾರಿಸಿದರೆ, ಇವತ್ತು ಇಲ್ಲ, ನಾಳೆಯದನ್ನು ನಾಳೆಯೇ ಕೇಳಿ ಎಂದರು.

"ಪ್ರೋಗ್ರಾಂ ಚೇಂಜು!" ಎಂದು ರುದ್ರಯ್ಯ ಚಪ್ಪಾಳೆ ತಟ್ಟಿದ. "ದೋಣಿ ಇಲ್ಲ. ಇಲ್ಲಿ ತಾಯೀನ ಗುಡೀಲಿ ನೋಡ್ಕೊಳ್ಳಿ, ನಾಳೆ ಕೋಳಿ ಕೂಗೋ ಹೊತ್ಗೆ ತಿರುವನಂತಪುರ."

ಕೆಂಪಕ್ಕ ಅಷ್ಟೇನೂ ಕಂಗೆಡಲಿಲ್ಲ. "ಹೋಗ್ಲಿ ಬುಡಿ ಅಯ್ನೋರೇ. ಇನ್ಸೂರಾಗೆ ಒಪ್ಪಿಸ್ತೀನಿ. ತಪ್ಪಿದ್ದೆಲ್ಲ ಅಲ್ಲಿ ಸಿಕ್ತದಲ್ಲ."

ಈ ಸಲ ಓಬಳಪ್ಪನೂ ನಗಲಿಲ್ಲ. ರುದ್ರಯ್ಯ ಅವಳ ಪಕ್ಕ ಮೆಟ್ಟಿಲ ಮೇಲೆ ಕೂತು, ಇನ್ಸೂರು ಊರಲ್ಲವೆಂದು ಬಿಡಿಸಿ ಹೇಳಬೇಕಾಯಿತು.

"ಊರಿಲ್ದೆ ಊರಿಗೆ ದುಡ್ಡಿಸ್ಕಂಡ್ರಾ?"

"ಹಂಗಲ್ಲ ಕಣಕ್ಕ. ತಪ್ಪಿದ್ನ ತುಂಬ್ಕೊಡೋದು ಅಂತ."

"ಹಂಗಾದ್ರೆ ತುಂಬ್ಕೊಡಿ."

ರುದ್ರಯ್ಯ ಕರಪತ್ರ ತೆಗೆದು, ಬುಡದಲ್ಲಿದ್ದ ಇರುವೆಯಂಥ ಅಕ್ಷರಗಳಿಗೆ ಬೆರಳಿಟ್ಟ. "ನೋಡು, ಇಲ್ಲೈತೆ. ಗಾಳಿ, ಮಳೆ, ಬಿರುಗಾಳಿ, ಇವೆಲ್ಲ ದೈವಕೃತ್ಯ. ದೇವ್ರು ಮಾಡಿದ್ದಕ್ಕೆ ಇನ್ಶೂರೆನ್ಸ್ ಬರಲ್ಲ."

ಕೆಂಪಕ್ಕ ಆ ಕಾಗದವನ್ನೂ ಸಮುದ್ರವನ್ನೂ ನೋಡಿದಳು. "ಅಲ್ಲಾ ಅಯ್ನೋರೇ, ದೇವ್ರ ತಾವ್ಕೆ ಕರ್ಕೊಂಡೋಯ್ತೀನಿ ಅಂತ ದುಡ್ಡಿಸ್ಕಂಡು, ದೇವ್ರೇ ಅಡ್ಡ ಬಂದ್ರೆ ನಂಗೊತ್ತಿಲ್ಲ ಅಂತೀರಾ? ದೆವ್ವ ಅಡ್ಡ ಬಂದಿದ್ರೆ ಕೊಡ್ತಿದ್ರಾ?"

ರುದ್ರಯ್ಯ ಜೇಬಿಗೆ ಕೈ ಹಾಕಿದ. ಅವಳು ತಲೆಯಾಡಿಸಿದಳು. "ಆ ಮೂರ್ರೂಪಾಯಿ ತಕ್ಕಂಡೋಗಿ ಅಕ್ಕನ ಕಾಲಡಿಗಿಟ್ರೆ ಅವ್ಳು ನಡೀತಾಳಾ, ಹೇಳಿ?"

ಆ ಸಂಜೆ ಛತ್ರದ ಮೂಲೆಯಲ್ಲಿ ಮಿಂದು ರುದ್ರಯ್ಯ ಪೂಜೆಗೆ ಕೂತ. ಕರಡಿಗೆ ಬಿಚ್ಚಿ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡ. ದಿನವೂ ಮಾಡುತ್ತಿದ್ದದ್ದೇ. ಆದರೆ ಅವತ್ತು ಹೊರಗಿನ ಅಲೆಯ ಸದ್ದು ಮಂತ್ರದ ನಡುನಡುವೆ ನುಗ್ಗುತ್ತಿತ್ತು. ತನ್ನ ದೇವರು ಎಷ್ಟು ಸಲೀಸು ಎಂದುಕೊಂಡ. ಹೋದಲ್ಲೆಲ್ಲ ಜೊತೆಗೇ ಬರುತ್ತಾನೆ. ದೋಣಿ ಬೇಡ, ಟಿಕೆಟ್ಟು ಬೇಡ. ಆ ಹೆಂಗಸಿನ ದೇವರು ಮಾತ್ರ ಸಮುದ್ರದ ನಡುವೆ ಹೋಗಿ ನಿಂತಿದ್ದಾಳೆ. ಅಂಗೈಯಲ್ಲಿ ದೇವರಿರುವವನು ಬಂಡೆಯ ಮೇಲೆ ದೇವರಿರುವವಳಿಗೆ ಸಣ್ಣ ಅಕ್ಷರ ತೋರಿಸಿದೆನಲ್ಲ ಎಂದು ಅವನಿಗೆ ನಾಚಿಕೆಯಾಯಿತು.

ಊಟದ ಪಂಕ್ತಿಯಲ್ಲಿ ಹೇಳಿದ: "ನಾಳೆ ಬಸ್ಸು ಹೊರಡಲ್ಲ. ದೋಣಿಗೆ ಕಾಯೋಣ. ತಿರುವನಂತಪುರ ಬಿಟ್ಟು ನೆಟ್ಟಗೆ ಊರಿಗೆ."

"ಅರೆರೆ!" ಓಬಳಪ್ಪ ಸಾರಿನ ಕೈ ಎತ್ತಿದ. "ನಮ್ಗೆ ಪದ್ಮನಾಭಸ್ವಾಮಿ ತಪ್ಪಿತಲ್ಲಯ್ಯಾ! ಇದು ದೇವ್ರು ಮಾಡಿದ್ದಲ್ಲ, ರುದ್ರಯ್ಯ ಮಾಡಿದ್ದು. ಇದಕ್ಕೆ ಇನ್ಸೂರು ಬರ್ಲೇಬೇಕು!"

"ಬರ್ತದೆ. ಮುಂದಿನ್ ಸಲ ಪದ್ಮನಾಭನ್ನ ತೋರಿಸ್ತೀನಿ, ನಿಮ್ ಕಡೆಯಿಂದ ಒಂದ್ ಕಾಸೂ ಬೇಡ."

"ಆ ಯಾತ್ರೆಗೂ ಮೂರ್ರೂಪಾಯಿ ಕಟ್ಬೇಕಾ ಏಮಿ?"

ಪಂಕ್ತಿಯೆಲ್ಲ ನಕ್ಕಿತು. ಗೊಣಗಬೇಕೆಂದಿದ್ದವರಿಗೂ ನಗುವಿನಲ್ಲಿ ಗೊಣಗಾಟ ಮರೆತುಹೋಯಿತು.

ಮಾರನೆಯ ಬೆಳಿಗ್ಗೆ ಗಾಳಿ ಇಳಿದಿತ್ತು. ಸಮುದ್ರ ಇನ್ನೂ ಪೂರ್ತಿ ಒಪ್ಪಿಕೊಂಡಿರಲಿಲ್ಲ, ಆದರೂ ದೋಣಿ ಬಿಟ್ಟರು. ಕೆಂಪಕ್ಕ ಎಲ್ಲರಿಗಿಂತ ಮುಂದೆ ಸಾಲಿನಲ್ಲಿದ್ದಳು. ಹಲಗೆಯ ಮೇಲೆ ಒಂದು ಹೆಜ್ಜೆ ಇಟ್ಟಳು. ದೋಣಿ ಕೆಳಗಿಳಿದು ಮೇಲೆದ್ದಿತು. ಕಾಲು ಹಿಂದಕ್ಕೆಳೆದುಕೊಂಡಳು. ಮತ್ತೆ ಇಟ್ಟಳು, ಮತ್ತೆ ಎಳೆದುಕೊಂಡಳು. ಹಿಂದಿದ್ದವರು ಅವಳನ್ನು ದಾಟಿ ಹತ್ತತೊಡಗಿದರು.

"ಆಗಾಕಿಲ್ಲ ಅಯ್ನೋರೇ" ಎಂದಳು. ಮುಖ ಬಿಳುಚಿತ್ತು. "ನೆಲಾನೇ ಅಲ್ಲಾಡ್ತೈತೆ. ಕುರಿ ಹಿಂದೆ ಬೆಟ್ಟ ಗುಡ್ಡ ಎಲ್ಲಾ ತಿರುಗಿವ್ನಿ, ಅಲ್ಲಾಡೋ ನೆಲದ ಮ್ಯಾಲೆ ನಿಂತಿಲ್ಲ."

"ನಿನಗೋಸ್ಕರ ಇಡೀ ಬಸ್ಸು ನಿಲ್ಸಿದ್ದೀನಲ್ಲೇ ತಾಯಿ!"

"ನಾನೇನು ನಂಗೋಸ್ಕರ ಬಂದ್ನಾ? ಅಕ್ಕನ ಬದ್ಲು ಬಂದೆ. ನನ್ ಬದ್ಲು ನೀವೋಗಿ. ಒಬ್ರಿಗೆ ಆಗ್ದಿದ್ರೆ ಇನ್ನೊಬ್ರು ತುಂಬ್ಕೊಡೋದು. ಅದೇ ಅಲ್ವಾ ನೀವೇಳಿದ್ದು?"

ಇಷ್ಟು ದಿನ ತಾನು ಮಾರಿದ ಸರಕನ್ನು ಯಾರಾದರೂ ಇಷ್ಟು ಚೆನ್ನಾಗಿ ವಿವರಿಸಿದ್ದು ರುದ್ರಯ್ಯನಿಗೆ ನೆನಪಿಲ್ಲ. ಸಮುದ್ರವನ್ನು ಕಂಡರೆ ಅವನಿಗೂ ಭಯ ಎನ್ನುವುದನ್ನು ಹೇಳುವಂತಿರಲಿಲ್ಲ. ಕಂಬಳಿ ಇಸಿದುಕೊಂಡು ಹತ್ತಿದ.

ಅತ್ತ ಸೇರುವವರೆಗೂ ಅವನು ಕಣ್ಣು ಬಿಡಲಿಲ್ಲ. ಒಂದು ಕೈಯಲ್ಲಿ ಕರಡಿಗೆ, ಇನ್ನೊಂದರಲ್ಲಿ ಕಂಬಳಿ. ಎರಡನ್ನೂ ಒಟ್ಟಿಗೇ ಎದೆಗವುಚಿಕೊಂಡಿದ್ದ. ಪಕ್ಕದಲ್ಲಿದ್ದ ಓಬಳಪ್ಪ ಏನೋ ಕೀಟಲೆ ಮಾಡಲು ಬಾಯಿ ತೆರೆದವನು, ಅವನ ಮುಖ ನೋಡಿ ತೋಳು ಹಿಡಿದು ಕೂತ.

ಬಂಡೆಯ ಮೇಲೆ ಜನ ದೊಡ್ಡ ಮಂಟಪದ ಶಿಖರ ನೋಡಲು ಮುಂದೆ ಹೋದರು. ರುದ್ರಯ್ಯ ಪಾದದ ಗುಡಿಯ ಕಡೆ ಹೊರಳಿದ. ಕಲ್ಲಿನಲ್ಲಿ ನಸುಗೆಂಪಾದ ಸಣ್ಣ ಗುರುತು, ಎಳೆಯ ಹುಡುಗಿಯದು. ಕಂಬಳಿಯ ಮಡಿಕೆ ಬಿಚ್ಚಿ, ಕೈಯಿಂದ ಒಮ್ಮೆ ಸವರಿ, ಆ ಪಾದಕ್ಕೆ ಹೊದಿಸಿದ.

"ತೋವಿನಕೆರೆ ಕ್ಯಾತಮ್ಮಂದು, ತಾಯಿ" ಎಂದು ಮೆಲ್ಲಗೆ ಹೇಳಿ ಹಿಂದೆ ಸರಿದ.