ರೇವಮ್ಮನ ಕಾಲ್ಗುಣವೂ ಸೇತುವೆಯ ಕರಿ ಹಾಳೆಯೂ

ಹಳ್ಳದ ಸೇತುವೆ ಕುಸಿದಾಗ ನಮ್ಮೂರು ಬೈದದ್ದು ರೇವಮ್ಮನನ್ನು. ಮದುವೆಯಾಗಿ ಅವಳು ಗಂಡನ ಮನೆಗೆ ಬಂದು ಇನ್ನೂ ತಿಂಗಳಾಗಿರಲಿಲ್ಲ. ದಿಬ್ಬಣದ ಗಾಡಿ ಆ ಸೇತುವೆಯ ಮೇಲೇ ಬಂದಿತ್ತು. ಆಮೇಲೆ ಮಳೆ ಹಿಡಿಯಿತು. ಒಂದು ಬೆಳಿಗ್ಗೆ ನೋಡಿದರೆ ಸೇತುವೆಯ ಮೇಲಿನ ಚಪ್ಪಡಿ ಮುರಿದು ಹಳ್ಳಕ್ಕೆ ಬಿದ್ದಿತ್ತು. "ಏನ್ ಕಾಲ್ಗುಣನೋ ಏನೋ ಕಣಮ್ಮ," ಎಂದು ಅವಳ ಅತ್ತೆ ಲಕ್ಷ್ಮೀದೇವಮ್ಮ ಬಾವಿಕಟ್ಟೆಯಲ್ಲಿ ಹೇಳಿದರು. ಬಾವಿಕಟ್ಟೆಯ ಮಾತು ಊರ ಬಾಯಿಗೆ ಬೀಳಲು ಎಷ್ಟು ಹೊತ್ತು ಬೇಕು?

ನಾನು ಆಗ ಸಿ.ಎಸ್. ಪುರದ ಕಡೆ ಗ್ರಾಮಸೇವಿಕೆ. ಹೆಸರು ಕೌಸಲ್ಯ. ತುಮಕೂರಿನ ಸದಾಶಿವನಗರದವಳು, ಕೆಲಸಕ್ಕಾಗಿ ರೇವಮ್ಮನ ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದೆ. ಆ ಹುಡುಗಿಯ ಸಂಕಟ ನನಗೆ ಗೋಡೆಯ ಈಚೆಗೇ ಕೇಳುತ್ತಿತ್ತು.

ಹಳ್ಳದ ಈಚೆ ನಾವು ಗುಬ್ಬಿ ತಾಲ್ಲೂಕು, ಆಚೆ ಕುಣಿಗಲ್ ತಾಲ್ಲೂಕು. ರೇವಮ್ಮನ ತವರು ಆಚೆ ದಡದಲ್ಲೇ. ಬಟ್ಟೆ ಒಗೆಯಲು ಕೂತರೆ ತವರುಮನೆಯ ಹೆಂಚು ಕಾಣುತ್ತಿತ್ತು, ಸಂಜೆ ಅಲ್ಲಿನ ಒಲೆಯ ಹೊಗೆ ಕಾಣುತ್ತಿತ್ತು. ಆದರೆ ಮೇಲಿನ ಕೆರೆ ಕೋಡಿ ಬಿದ್ದರೆ ಆ ಹಳ್ಳ ತಿಂಗಳುಗಟ್ಟಲೆ ಎದೆಮಟ್ಟ ಹರಿಯುತ್ತದೆ, ನೀರಿಳಿದರೂ ಕಾಲಿಡಲಾಗದಷ್ಟು ಕೆಸರು. ಸುತ್ತಿಕೊಂಡು ಹೋಗುವುದಾದರೆ ಗುಬ್ಬಿ, ಅಲ್ಲಿಂದ ತುಮಕೂರು, ಅಲ್ಲಿಂದ ಕುಣಿಗಲ್ ಬಸ್ಸು, ಇಳಿದು ಮತ್ತೆ ನಡಿಗೆ. ಕಣ್ಣಿಗೆ ಕಾಣುವ ಮನೆಗೆ ಇಡೀ ದಿನದ ದಾರಿ, ಸೊಸೆಯನ್ನು ಅಷ್ಟು ದೂರ ಕಳಿಸುವವರಿರಲಿಲ್ಲ.

ಅವಳ ತಾಯಿ ದೊಡ್ಡಗಂಗಮ್ಮ ಕೆಲವು ಸಂಜೆ ಆಚೆ ದಡಕ್ಕೆ ಬಂದು ನಿಲ್ಲುತ್ತಿದ್ದರು. ಇವಳು ಈಚೆ ನಿಂತು ಕೂಗುವಳು, ಅವರು ಅಲ್ಲಿಂದ ಕೂಗುವರು. ನೀರಿನ ಸದ್ದಿಗೆ ಒಂದಕ್ಷರವೂ ದಾಟುತ್ತಿರಲಿಲ್ಲ.

"ಊಟ ಆಯ್ತಾ ಅಂದ್ರು ಕಣಕ್ಕ ನಮ್ಮವ್ವ," ಎಂದಳು ಒಂದು ದಿನ.

"ಅಷ್ಟು ದೂರದಿಂದ ಕೇಳಿಸ್ತಾ?"

"ಕೇಳಿಸ್ನಿಲ್ಲ. ಅಂದಿರ್ತಾರೆ."

ಮೂರು ವರ್ಷ ಹೀಗೇ ಹೋಯಿತು. ಕೊನೆಗೂ ಹಳೆಯ ಕಂಬಗಳ ಮೇಲೆ ಹೊಸ ಚಪ್ಪಡಿ ಬಂತು. ಮಳೆ ನಿಂತು ಕಾಂಕ್ರೀಟು ಚೆನ್ನಾಗಿ ಒಣಗಿದ ಮೇಲೆ ಆಳುಗಳು ಅದನ್ನು ಗುಡಿಸಿ, ದೂಳು ತೆಗೆದು, ತೆಳ್ಳಗೆ ಕರಿ ಬಣ್ಣದಂಥದ್ದು ಬಳಿದರು. ಅದರ ಮೇಲೆ ಸುರುಳಿ ಸುರುಳಿ ಟಾರ್ ಹಾಳೆ ಬಿಚ್ಚಿ, ಒಂದರ ಅಂಚಿನ ಮೇಲೆ ಇನ್ನೊಂದು ಬರುವಂತೆ ಅಂಟಿಸತೊಡಗಿದರು. ಊರಿಗೆ ಊರೇ ನೋಡಲು ಹೋಯಿತು. ನಾನೂ ಹೋದೆ, ಪಕ್ಕದ ಮನೆಯವರೂ ಬಂದರು.

ರೇವಮ್ಮನ ಗಂಡ ಕಾಳಯ್ಯ ಒಳ್ಳೆಯವನು, ಆದರೆ ಯಾವುದನ್ನೂ ಒಂದೇ ಸಲಕ್ಕೆ ನಂಬುವ ಜಾಯಮಾನದವನಲ್ಲ. ಕೆಲಸ ಮಾಡಿಸುತ್ತಿದ್ದ ಓವರ್‌ಸಿಯರ್ ಷಡಕ್ಷರಿಯನ್ನು ಕೇಳಿಯೇ ಬಿಟ್ಟ.

"ಏನ್ ಸ್ವಾಮಿ, ಕಾಂಕ್ರೀಟು ಅಂದ್ರೆ ಕಲ್ಲಿದ್ದಂಗೆ. ಕಲ್ಲಿಗ್ಯಾಕೆ ಕಂಬಳಿ ಹೊದಿಸ್ತಿದೀರ?"

"ಕಾಂಕ್ರೀಟೂ ನೀರು ಕುಡಿಯುತ್ತೆ ಕಣಪ್ಪ," ಎಂದರು ಷಡಕ್ಷರಿ. "ಕೂದಲೆಳೆಯಷ್ಟು ಬಿರುಕಿದ್ರೂ ಸಾಕು. ಒಳಗೆ ಕಬ್ಬಿಣದ ಕಂಬಿ ಇದಾವೆ. ನೀರು ತಾಗಿದ್ರೆ ತುಕ್ಕು ಹಿಡಿಯುತ್ತೆ, ತುಕ್ಕು ಹಿಡಿದದ್ದು ಊದಿಕೊಳ್ಳುತ್ತೆ. ಊದಿಕೊಂಡು ಸುತ್ತಲಿನ ಕಾಂಕ್ರೀಟನ್ನ ಸೀಳುತ್ತೆ. ಈ ಹಾಳೆ ನೀರನ್ನ ಒಳಕ್ಕೇ ಬಿಡಲ್ಲ."

"ಹಳೇದನ್ನ ಹಳ್ಳ ಹೊಡ್ಕೊಂಡು ಹೋಯ್ತಲ್ಲ ಬುಡಿ."

"ಹಳ್ಳ ಹೊಡ್ಕೊಂಡು ಹೋಗಿದ್ರೆ ಕಂಬ ಹೋಗ್ಬೇಕಿತ್ತು. ಕಂಬ ಅಲ್ಲೇ ನಿಂತಿದಾವೆ ನೋಡು." ಷಡಕ್ಷರಿ ದಡದಲ್ಲಿ ಬಿದ್ದಿದ್ದ ಹಳೆಯ ಚಪ್ಪಡಿಯ ತುಂಡನ್ನು ಕಾಲಿನಿಂದ ಹೊರಳಿಸಿದರು. ಅದರಿಂದ ಚಾಚಿದ್ದ ಕಂಬಿಯನ್ನು ಉಜ್ಜಿದರೆ ತುಕ್ಕು ಪದರ ಪದರವಾಗಿ ಉದುರಿತು. ಹೆಬ್ಬೆರಳ ಗಾತ್ರ ಇರಬೇಕಾಗಿದ್ದ ಕಂಬಿ ಕಡ್ಡಿಯಷ್ಟಾಗಿತ್ತು. "ಇದು ಹಿಂಗಾಗೋಕೆ ಹತ್ತು ಹದಿನೈದು ವರ್ಷ ಬೇಕು. ಆಗ ಹಾಳೆ ಹಾಕಿರ್ಲಿಲ್ಲ. ಸಾಲದ್ದಕ್ಕೆ ನೀರು ಹೋಗೋ ತೂತಿಗೆಲ್ಲ ಹೊಟ್ಟು ಕಟ್ಕೊಂಡು ನೀರು ಅಲ್ಲೇ ನಿಲ್ತಿತ್ತು. ನೀವೆಲ್ಲ ಹುರುಳಿ ಒಕ್ತಿದ್ದದ್ದು ಸೇತುವೆ ಮೇಲೇ ಅಲ್ವೇ?"

ಬಸ್ಸು ಲಾರಿ ಓಡಾಡಿ ಪುಕ್ಕಟೆ ತುಳಿದುಕೊಡುತ್ತಿದ್ದ ಜಾಗ ಅದು. ಅಲ್ಲಿ ಒಕ್ಕದವರು ನಮ್ಮೂರಲ್ಲಿ ಯಾರಿದ್ದರು?

ರೇವಮ್ಮ ಆ ತುಕ್ಕು ಕಂಬಿಯನ್ನೇ ನೋಡುತ್ತಿದ್ದಳು. "ಹದಿನೈದು ವರ್ಷವಾ? ನಾನಾಗ ಲಂಗ ಹಾಕ್ಕೊಂಡು ಆಚೆ ದಡದಲ್ಲಿ ಆಡ್ತಿದ್ದೆ," ಎಂದಳು. ಯಾರ ಮುಖವನ್ನೂ ನೋಡಿ ಹೇಳಲಿಲ್ಲ. ಲಕ್ಷ್ಮೀದೇವಮ್ಮನಿಗೆ ಕೇಳಿಸಿತು. ತಪ್ಪಾಯಿತು ಎನ್ನುವ ಹೆಂಗಸಲ್ಲ ಆಕೆ. ಸೊಸೆಯ ಸೊಂಟದ ಬಿಂದಿಗೆಯನ್ನು ತಾವೇ ತೆಗೆದುಕೊಂಡರು. "ಬಿಸ್ಲು ಜಾಸ್ತಿ ಆಯ್ತು, ನೆಳ್ಳಿಗೆ ಬಾ," ಎಂದರು. ಅಂದಿನಿಂದ ಆ ಮನೆಯಲ್ಲಿ ಕಾಲ್ಗುಣದ ಮಾತು ಮತ್ತೆ ನನ್ನ ಕಿವಿಗೆ ಬೀಳಲಿಲ್ಲ.

"ಹಂಗಾದ್ರೆ ಗಾಡಿ ಹೊಡೀಬೋದಾ ಇವಾಗ?" ಎಂದು ಕಾಳಯ್ಯ ಕೇಳಿದ.

"ಕೂಡದು. ಇದು ನೀರನ್ನ ತಡೆಯುತ್ತೆ, ಚಕ್ರಾನ ತಡೆಯಲ್ಲ. ಮೇಲೆ ಡಾಂಬರು ಬೀಳೋವರೆಗೂ ಗಾಡಿ, ದನ, ಜನ ಯಾವುದೂ ಬೇಡ. ಅಂಗಾಲಿಗೆ ಅಂಟಿದ ಕಲ್ಲಿನ ಚೂರೂ ಇದನ್ನ ಚುಚ್ಚುತ್ತೆ."

"ಒಂದ್ ಸಣ್ಣ ತೂತಿಗೆ ಏನಾಯ್ತದೆ ಸ್ವಾಮಿ?"

ಇದಕ್ಕೆ ನಾನೇ ಬಾಯಿ ಹಾಕಿದೆ. "ಮಗು ಮಲಗಿಸೋಕೆ ರಬ್ಬರ್ ಶೀಟು ಹಾಸ್ತೀವಲ್ಲ ಕಾಳಯ್ಯ, ಅದ್ರಲ್ಲಿ ಒಂದು ತೂತಿದ್ರೆ ಏನಾಗುತ್ತೆ, ನಿಮ್ಮವ್ವನ್ನ ಕೇಳು."

"ಹಾಸಿಗೆಯೆಲ್ಲ ನೆನೆದು ನಾರ್ತದೆ ಕಣ್ಲಾ," ಎಂದರು ಲಕ್ಷ್ಮೀದೇವಮ್ಮ.

"ಅಷ್ಟೇ," ಎಂದರು ಷಡಕ್ಷರಿ. "ನೀರು ತೂತಲ್ಲಿ ಇಳಿದು ಹಾಳೆ ಅಡಿಯಲ್ಲೇ ಹರಡುತ್ತೆ. ಮೇಲಿಂದ ನಮಗೆ ಗೊತ್ತೂ ಆಗಲ್ಲ."

ಮಗುವಿನ ಮಾತು ಸುಮ್ಮನೆ ಬರಲಿಲ್ಲ. ರೇವಮ್ಮ ಚೊಚ್ಚಲ ಬಸುರಿ. ಹೆರಿಗೆಗೆ ತವರಿಗೆ ಹೋಗಬೇಕು. ಏಳರಲ್ಲಿ ಹೋಗಬೇಕು, ಇಲ್ಲವೇ ಒಂಬತ್ತರಲ್ಲಿ. ಎಂಟರಲ್ಲಿ ಊರು ದಾಟಿಸುವುದಿಲ್ಲ. ಅಮಾವಾಸ್ಯೆ ಕಳೆದರೆ ಎಂಟು. ಬಸುರಿಯನ್ನು ಬಸ್ಸಿನಲ್ಲಿ ಕುಲುಕಿಸಿಕೊಂಡು ಸುತ್ತಲು ಯಾರಿಗೂ ಧೈರ್ಯವಿಲ್ಲ. ಎಲ್ಲರ ಕಣ್ಣೂ ಡಾಂಬರಿನ ಮೇಲೆ. ಆ ಡಾಂಬರೋ, ಇವತ್ತು ಬರುತ್ತೆ ನಾಳೆ ಬರುತ್ತೆ ಎಂದು ಸತಾಯಿಸುತ್ತಿತ್ತು. ಅವಳು ಬಟ್ಟೆಯ ಗಂಟು ಕಟ್ಟುವಳು, ಬಿಚ್ಚುವಳು.

ಅಮಾವಾಸ್ಯೆಯ ಹಿಂದಿನ ಬೆಳಿಗ್ಗೆ ಕಾಳಯ್ಯ ಗಾಡಿ ಕಟ್ಟಿ ರೇವಮ್ಮನನ್ನು ಕೂರಿಸಿಬಿಟ್ಟ. ಷಡಕ್ಷರಿ ಡಾಂಬರಿನ ವಿಚಾರಕ್ಕೆ ತುಮಕೂರಿಗೆ ಹೋಗಿದ್ದರು. ಸೇತುವೆಯ ಬಾಯಿಗೆ ಅಡ್ಡ ಇಟ್ಟಿದ್ದ ಜಾಲಿ ಮುಳ್ಳು ಬಿಟ್ಟರೆ ತಡೆಯುವವರಿರಲಿಲ್ಲ. ನಾನು ಹಿಂದೆಯೇ ನಡೆದು ಹೋಗಿ, "ಬೇಡ ಕಾಳಯ್ಯ," ಎಂದೆ.

"ಒಂದೇ ಒಂದ್ ಗಾಡಿ ಅಕ್ಕಾವ್ರೆ. ಮೂರು ವರ್ಷದಿಂದ ಇವಳು ಆಚೆ ದಡ ನೋಡೋದನ್ನ ನಾನು ನೋಡ್ತಾ ಇದೀನಿ. ನನಗಾಗಲ್ಲ," ಎಂದು ಅವನು ಮುಳ್ಳು ಎಳೆದು ಬದಿಗೆ ಹಾಕಿದ.

ಆಚೆ ತುದಿಯಲ್ಲಿ ದೊಡ್ಡಗಂಗಮ್ಮ ಬಂದು ನಿಂತಿದ್ದರು. ಗಾಡಿ ಕಂಡು ಸೆರಗು ಎತ್ತಿ ಬೀಸಿದರು. ಬೇಡ ಎನ್ನುವ ಮಾತು ಇನ್ನೊಮ್ಮೆ ನನ್ನ ಬಾಯಿಂದ ಬರುತ್ತಿರಲಿಲ್ಲ.

"ನಿಲ್ಸಿ," ಎಂದಳು ರೇವಮ್ಮ. ಗಾಡಿಯಿಂದ ಮೆಲ್ಲಗೆ ಇಳಿದು ಎತ್ತುಗಳ ಮುಂದೆ ಬಂದು ನಿಂತಳು. "ಚಕ್ರದ ಕಬ್ಬಿಣದ ಪಟ್ಟಿ ನೋಡಿ. ಆ ಹಾಳೆ ತಡೀತದಾ?"

"ನಿಂಗೆ ಅವ್ವನ್ನ ನೋಡ್ಬೇಕು ಅಂತಿಲ್ವೇನೆ?"

"ಇಲ್ವಾ? ಕಣ್ಣು ಮುಚ್ಚಿದ್ರೆ ನಮ್ಮವ್ವನೇ ಬರ್ತಾಳೆ." ಅವಳು ಅಳುತ್ತಿದ್ದಳು. "ಆದ್ರೆ ಇದು ಮತ್ತೆ ಬಿದ್ರೆ? ನನ್ನಂಗೆ ಈ ಮಗೂನೂ ಅಜ್ಜಿ ಮನೆ ಹೆಂಚು ನೋಡ್ಕೊಂಡು ಬೆಳೀಬೇಕಾ? ಒಂಬತ್ತಕ್ಕೆ ಹೋಗ್ತೀನಿ. ಗಾಡಿ ತಿರುಗ್ಸಿ."

ಕಾಳಯ್ಯ ಎತ್ತು ತಿರುಗಿಸಿದ. ಎಳೆದು ಹಾಕಿದ್ದ ಮುಳ್ಳನ್ನು ತಾನೇ ಮತ್ತೆ ಅಡ್ಡ ಇಟ್ಟು, ಸಾಲದೆಂದು ಇನ್ನೊಂದು ಕೊಂಬೆ ತಂದು ಹಾಕಿದ. ರೇವಮ್ಮ ಆಚೆಗೆ ಕೈಯಾಡಿಸಿ ಇಲ್ಲ ಎಂದಳು. ಆ ತಾಯಿಗೆ ಅರ್ಥವಾಗಲಿಲ್ಲ. ಎತ್ತಿದ ಸೆರಗು ಹಾಗೇ ಕೈಯಲ್ಲಿತ್ತು. ಆಮೇಲೆ ಅಲ್ಲೇ ಕೂತುಬಿಟ್ಟರು. ಇವಳೂ ಈಚೆ ಕೂತಳು. ಬಿಸಿಲೇರುವ ತನಕ ಇಬ್ಬರೂ ಏಳಲಿಲ್ಲ. ನಡುವೆ ಆ ಕರಿ ಹಾಳೆ ಮಿರುಗುತ್ತಿತ್ತು. ಅಷ್ಟು ಹತ್ತಿರ, ಅಷ್ಟು ದೂರ. ನನಗೆ ಡಾಂಬರಿನ ಮೇಲೆ, ಅದನ್ನು ತರದ ಲಾರಿಯ ಮೇಲೆ, ಅಮಾವಾಸ್ಯೆಯ ಮೇಲೆ ಕೂಡ ಕೋಪ ಬಂದಿತ್ತು.

ಮುಂದಿನ ವಾರ ಡಾಂಬರು ಬಂತು. ರೋಲರ್ ಓಡಾಡಿ, ಬಿಸಿ ಆರಿದ ಮೇಲೆ ಷಡಕ್ಷರಿ ಮುಳ್ಳು ತೆಗೆಸಿದರು. ಮೊದಲು ದಾಟಿದ್ದು ಬಸ್ಸಲ್ಲ. ಎಂಟನೇ ತಿಂಗಳ ನಿಯಮ ಮಗಳಿಗಷ್ಟೇ ತಾನೇ, ತಾಯಿಗೇನು? ದೊಡ್ಡಗಂಗಮ್ಮ ಬದಿಯ ಗೋಡೆ ಹಿಡಿದುಕೊಂಡು, ಮಂಡಿನೋವಿನ ಕಾಲು ಎಳೆಯುತ್ತಾ ಬರುತ್ತಿದ್ದರು. ಈಚೆ ದಡದಲ್ಲಿ ಕೂತಿದ್ದ ರೇವಮ್ಮ ಎದ್ದಳು. "ಮೆಲ್ಲಗೆ ಹೋಗೇ, ಓಡ್ಬೇಡ," ಎಂದು ಲಕ್ಷ್ಮೀದೇವಮ್ಮ ಅವಳ ತೋಳು ಹಿಡಿದು ತಾವೇ ನಡೆಸಿಕೊಂಡು ಹೋದರು.

ದೊಡ್ಡಗಂಗಮ್ಮ ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದರು. "ಅವತ್ತು ಗಾಡಿ ಇಳಿದು ಕೈಯಾಡಿಸ್ದಾಗ, ನನ್ನ ಮೇಲೆ ಮುನಿಸ್ಕೊಂಡ್ಳೇನೋ ಅಂದ್ಕೊಂಡೆ ಕಣವ್ವ," ಎಂದರು. ಮತ್ತೆ ಕೆನ್ನೆ ಸವರಿ, "ಹತ್ರದಿಂದ ನೀನು ಹಿಂಗಿದೀಯ ಅನ್ನೋದೇ ಮರ್ತೋಗಿತ್ತು," ಎಂದರು.

ಮಹಿಳಾ ಮಂಡಳಿಯಲ್ಲಿ ಇದನ್ನು ಓದಿಸಿ ಕೇಳುತ್ತಿರುವ ಅಕ್ಕತಂಗಿಯರೇ, ಅಣ್ಣಂದಿರೇ, ನಿಮ್ಮೂರಿನ ಸೇತುವೆಗೂ ಒಂದು ದಿನ ಇಂಥ ಹಾಳೆ ಹಾಕಲು ಬರುತ್ತಾರೆ. ಮೇಲೆ ಡಾಂಬರು ಬೀಳುವವರೆಗೆ ಅದರ ಮೇಲೆ ಗಾಡಿ ಹೊಡೆಯಬೇಡಿ, ದನ ಅಟ್ಟಬೇಡಿ. ಕೋಳಿಗೂಡಿಗೆ ಹೊದಿಸಲು ಚೆನ್ನಾಗಿದೆ ಎಂದು ಅಂಚು ಕೀಳಬೇಡಿ. ನಗಬೇಡಿ, ಕಿತ್ತವರನ್ನು ನಾನು ಕಂಡಿದ್ದೇನೆ. ಸೇತುವೆ ಕಣವಲ್ಲ, ಒಕ್ಕಣೆ ಅಲ್ಲಿ ಬೇಡ. ಚಪ್ಪರಕ್ಕೆ ಗೂಟ ಹೊಡೆಯುವುದೂ ಬೇಡ. ನೀರು ಹೋಗುವ ತೂತುಗಳನ್ನು ಮಳೆಗೆ ಮುಂಚೆ ಬಿಡಿಸಿಡಿ. ಡಾಂಬರು ಕಿತ್ತು ಕರಿ ಹಾಳೆ ಕಂಡರೆ, ಸೇತುವೆಯ ಅಡಿಭಾಗದಲ್ಲಿ ನೀರಿಳಿದ ಬಿಳಿ ಗೆರೆ, ತುಕ್ಕಿನ ಕೆಂಚು ಕಲೆ ಕಂಡರೆ, ಪಂಚಾಯ್ತಿಗೂ ಪಿ.ಡಬ್ಲ್ಯು.ಡಿ. ಆಫೀಸಿಗೂ ಅಂದೇ ತಿಳಿಸಿ. ಬೀಳುವವರೆಗೆ ಕಾದು ಆಮೇಲೆ ಯಾವುದೋ ಮನೆಯ ಸೊಸೆಯನ್ನು ಬೈಯಬೇಡಿ.

ಕಾಯುವುದು ಕಷ್ಟ, ನನಗೆ ಗೊತ್ತು. ಆದರೂ ಡಾಂಬರು ಬೀಳುವ ತನಕ ಕಾಯಿರಿ. ಆಚೆ ದಡದಲ್ಲಿ ನಿಮ್ಮವರು ಯಾರಾದರೂ ಇದ್ದೇ ಇರುತ್ತಾರೆ.